ಸ್ಪ್ರೇ ಡ್ರೋನ್ ಮೋಟರ್ ಗಾಳ್ಯಾಗ ಕೈಕೊಟ್ರ ಎಲ್ಲಿ ಇಳಸಬೇಕು, ಹೆಂಗ ಇಳಸಬೇಕು

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಈ ಭತ್ತದ ಸೀಮ್ಯಾಗ ಈಗ ಎಣ್ಣಿ ಹೊಡಿಯಾಕ ಡ್ರೋನ್ ಕರಸೋದು ಹೊಸಾದೇನಲ್ಲ. ಹುಡುಗ್ರು ಟ್ರೇನಿಂಗ್ ಮುಗಿಸಿ ರಿಮೋಟ್ ಪೈಲಟ್ ಸರ್ಟಿಫಿಕೇಟ್ ತಗೊಂಡು ಬರ್ತಾರ, ಸ್ವಸಹಾಯ ಸಂಘದ ಅಕ್ಕೋರಿಗೆ ನಮೋ ಡ್ರೋನ್ ದೀದಿ ಸ್ಕೀಮಿನಾಗ ಮಷಿನ್ ಸಿಗಾಕ ಹತ್ಯಾವು, ಬಯಲಾಗ ಹಾರಿಸೋದನ್ನ ಎಲ್ಲಾರೂ ಚಂದ ಕಲ್ತಿರ್ತಾರ. ಆದ್ರ ತುಂಬಿದ ಟ್ಯಾಂಕ್ ಹೊತ್ಕೊಂಡು ಗದ್ದಿ ನಟ್ಟನಡುವ ಇದ್ದಾಗ ಒಂದ್ ಮೋಟರ್ ನಿಂತ್ರ ಬೆರಳು ಎತ್ಲಾಗ ಹೋಗಬೇಕು ಅಂತ ಕೇಳಿದ್ರ ಬಾಳ ಮಂದಿ ಹೇಳೋ ಉತ್ತರ ಒಂದ, ಆರ್‌ಟಿಎಚ್ (ರಿಟರ್ನ್ ಟು ಹೋಮ್, ಡ್ರೋನ್ ತಾನ ಹೊಳ್ಳಿ ಬರೋ ಬಟನ್) ಒತ್ತತೀವಿ ಅಂತಾರ. ಅದಕ್ಕ ಇಷ್ಟುದ್ದ ಬರಿಯಾಕ ಕುಂತೀನಿ.

ಆರ್‌ಟಿಎಚ್ ಒತ್ತಬ್ಯಾಡ್ರಿ. ಮೋಟರ್ ಹೋದಾಗ, ಫ್ಯಾನ್ ಮುರಿದಾಗ, ಬ್ಯಾಟ್ರಿ ಕುಸಿದಾಗ ಒತ್ತಬ್ಯಾಡ್ರಿ. ಯಾಕಂದ್ರ ಬಾಳಷ್ಟು ಮಷಿನ್‌ನಾಗ ಆ ಬಟನ್ ಒತ್ತಿದ ಕೂಡ್ಲೆ ಡ್ರೋನ್ ಮೊದ್ಲು ಮಾಡೋ ಕೆಲಸ ಮ್ಯಾಲ ಏರೋದು, ನೀವು ಸೆಟ್ ಮಾಡಿಟ್ಟ ಎತ್ತರಕ್ಕ ಏರಿ ಆಮ್ಯಾಲ ಹೊಲದ ಮ್ಯಾಲ ಅಡ್ಡ ಹಾದು ನಿಮ್ಮ ಕಡಿ ಬರ್ತೈತಿ. ಶಕ್ತಿ ಕಮ್ಮಿಯಾದ ಮಷಿನ್‌ಗೆ ಏರೋದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಭತ್ತದ ಮ್ಯಾಲ ಎರಡು ಮೂರು ಮೀಟರ್ ಎತ್ತರದಾಗ ಇದ್ದದ್ದು ಬಿದ್ರ ಕೆಸರಾಗ ಬೀಳ್ತೈತಿ, ಒಂದೆರಡು ಫ್ಯಾನ್, ಮೋಟರ್ ಹೊತ್ತ ಡ್ರೋನಿನ ಒಂದ್ ಕೈ ಹೋಗಬಹುದು. ಅದನ್ನ 30 ಮೀಟರ್ ಏರಿಸಿ ನಿಮ್ಮ ತಲಿ ಕಡಿಗೇ ಕರ್ಕೊಂಡ್ರ, ಅಲ್ಲಿಂದ ಬೀಳಾಕ ಎರಡೂವರೆ ಸೆಕೆಂಡ್ ಸಾಕು, ನೆಲ ಮುಟ್ಟೋ ಹೊತ್ತಿಗೆ ಸ್ಪೀಡ್ ತಾಸಿಗೆ 80 ಕಿಲೋಮೀಟರ್ ದಾಟಿರ್ತೈತಿ, ಇಪ್ಪತ್ತು ಕಿಲೋಗಿಂತ ಹೆಚ್ಚಿನ ತೂಕ, ಕೆಳಗ ನೀವು, ನಿಮ್ಮ ಹೆಲ್ಪರ್, ನೋಡಾಕ ಬಂದ ಹುಡುಗ್ರು.

ಇದು ನಮ್ಮ ಡ್ರೋನ್‌ನವರು ಹೊಸದಾಗಿ ಕಂಡುಹಿಡಿದ ಬುದ್ಧಿ ಅಲ್ಲ. ಆಳು ಕುಂತು ಹಾರಿಸೋ ಸ್ಪ್ರೇ ವಿಮಾನದ ಪೈಲಟ್‌ಗಳಿಗೆ ಮೊದ್ಲಿಂದ ಕಲಿಸೋ ಪಾಠ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರ ಬಸಂತ್ ಅನ್ನೋ ಎಣ್ಣಿ ಹೊಡಿಯೋ ವಿಮಾನ 1972ರಾಗ ಹಾರಿತ್ತು, 400 ಹಾರ್ಸ್‌ಪವರ್ ಇಂಜಿನ್, ಒಂದ ಇಂಜಿನ್. ಅಂಥಾ ವಿಮಾನ ಬೆಳಿ ಮ್ಯಾಲ ಹತ್ತಡಿ ಎತ್ತರದಾಗ ಹಾರುವಾಗ ಇಂಜಿನ್ ಬಂದಾದ್ರ ಪೈಲಟ್ ಮಾಡೋದು ಇಷ್ಟ: ಇದ್ದ ಸ್ಪೀಡ್ ಖರ್ಚು ಮಾಡಿ ಒಂಚೂರು ಎತ್ತರ ಗಳಿಸ್ತಾನ, ಟ್ಯಾಂಕಿನ ಕೆಳಗಿನ ಡಂಪ್ ಬಾಗಲಾ ತೆಗೆದು ಎಣ್ಣಿ ಎಲ್ಲಾ ಕೆಲವೇ ಸೆಕೆಂಡಿನಾಗ ಸುರಿದು ತೂಕ ಇಳಿಸ್ತಾನ, ಮೂಗು ಬಗ್ಗಿಸಿ ಸ್ಪೀಡ್ ಉಳಿಸ್ಕೊಂಡು ಎದುರಿಗೆ ಯಾವ ಹೊಲ ಐತೋ ಅದರಾಗ ಇಳಿಸ್ತಾನ. ಹೊಳ್ಳಿ ರನ್‌ವೇಕ್ಕ ಹೋಗ್ತೀನಿ ಅಂತ ಕಮ್ಮಿ ಎತ್ತರದಾಗ ತಿರುವು ತಗೊಂಡವರು ಬಾಳ ಮಂದಿ ಉಳಿದಿಲ್ಲ, ತಿರುಗುವಾಗ ಸ್ಪೀಡ್ ಸತ್ತು ವಿಮಾನ ಸ್ಟಾಲ್ ಆಗಿ, ಅಂದ್ರ ರೆಕ್ಕಿ ಎತ್ತೋ ಶಕ್ತಿ ಕಳಕೊಂಡು, ಒಂದ್ ರೆಕ್ಕಿ ಕೆಳಗಾಗಿ ಬೀಳ್ತೈತಿ. ನಮ್ಮ ಆರ್‌ಟಿಎಚ್ ಬಟನ್ ಅದ ತಿರುವಿನ ಚಟ.

ಒಂದ್ ವಿಷಯದಾಗ ಆ ಪೈಲಟ್ ನಮಗಿಂತ ಪುಣ್ಯವಂತ. ನಮ್ಮ ಡ್ರೋನ್‌ಗೆ ಡಂಪ್ ಬಾಗಲಾ ಇಲ್ಲ. ಪಂಪ್ ಪೂರ್ತಿ ತೆರೆದ್ರೂ ಹತ್ತು ಲೀಟರ್ ಖಾಲಿ ಆಗಾಕ ನಿಮಿಷಗಟ್ಲೆ ಬೇಕು, ಮೋಟರ್ ಹೋದ ಮ್ಯಾಲ ನಮ್ಮ ಕಡಿ ಇರೋದು ಸೆಕೆಂಡ್ ಲೆಕ್ಕ. ಅಂದ್ರ ತೂಕದ ತೀರ್ಮಾನ ನೆಲದ ಮ್ಯಾಲ, ಟ್ಯಾಂಕ್ ತುಂಬುವಾಗ್ಲೇ ಆಗಿರಬೇಕು.

ಆ ಲೆಕ್ಕ ಒಂಚೂರು ಬಿಡಿಸಿ ನೋಡ್ರಿ. ಆರು ಮೋಟರಿನ ಹತ್ತು ಲೀಟರ್ ಡ್ರೋನ್ ಎಲ್ಲಾ ತುಂಬಿದ್ರ 24 ಕಿಲೋ ಅಂತ ಇಟ್ಕೊಳ್ರಿ, ಸ್ಮಾಲ್ ಕೆಟಗರಿ 25 ಕಿಲೋ ತನಕ ಅಂತ ರೂಲ್ ಇರೋದ್ರಿಂದ ಬಾಳಷ್ಟು ಮಷಿನ್ ಅದರ ಒಳಗ ಬರ್ತಾವು. ಒಂದೊಂದ್ ಮೋಟರ್ ಹೊರೋದು 4 ಕಿಲೋ. ಈಗ ಒಂದ್ ಮೋಟರ್ ಹೋತು ಅಂದ್ರ ಉಳಿದ ಐದು ಹೊರ್ತಾವು ಅಂತ ಅನಿಸ್ತೈತಿ, ಹಂಗಾಗಂಗಿಲ್ಲ. ಮಷಿನ್ ವಾಲಬಾರದು ಅಂತ ಸತ್ತ ಮೋಟರಿನ ಎದುರಿನ ಮೋಟರ್‌ನ್ನೂ ಕಂಟ್ರೋಲರ್ ಹೆಚ್ಚು ಕಮ್ಮಿ ಸುಮ್ಮನ ಮಾಡ್ತೈತಿ, ಅಲ್ಲಿಗೆ ನಾಕ ಮೋಟರ್ ಮ್ಯಾಲ 24 ಕಿಲೋ, ತಲಾ 6 ಕಿಲೋ, ಒಂದೂವರೆ ಪಟ್ಟು. ಟ್ಯಾಂಕ್ ಖಾಲಿ ಇದ್ರ ಅದ ಮಷಿನ್ 14 ಕಿಲೋ, ತಲಾ ಮೂರೂವರೆ, ಆರಾಮ ಇಳಿತೈತಿ. ನಾಕ ಮೋಟರಿನ ಡ್ರೋನ್ ಆದ್ರ ಈ ಲೆಕ್ಕ ಇಲ್ಲ, ಒಂದ್ ಹೋತಂದ್ರ ಸೀದಾ ಮಗುಚಿ ಬೀಳ್ತೈತಿ ಅಂತ ತಿಳ್ಕೊಂಡ ಹಾರಿಸ್ರಿ.

ಇದರ ಮ್ಯಾಲ ನಮ್ಮ ರಾಯಚೂರು ಬಿಸಲು. 40 ಡಿಗ್ರಿ ದಾಟಿದ ಗಾಳಿ ತೆಳ್ಳಗಿರ್ತೈತಿ, ನಾವಿರೋದು ಸಮುದ್ರ ಮಟ್ಟದಿಂದ ಹತ್ತಿರತ್ತಿರ 400 ಮೀಟರ್ ಮ್ಯಾಲ, ಎರಡೂ ಕೂಡಿದ್ರ ಗಾಳಿ ಸಾಂದ್ರತಿ ಕಂಪನಿಯವರು ಪುಸ್ತಕದಾಗ ಲೆಕ್ಕ ಹಾಕೋ 15 ಡಿಗ್ರಿ, ಸಮುದ್ರ ಮಟ್ಟಕ್ಕಿಂತ ಸುಮಾರು 12 ಪರ್ಸೆಂಟ್ ಕಮ್ಮಿ. ಅದ ತೂಕ ಎತ್ತಾಕ ಮೋಟರ್ ಜೋರ ತಿರುಗಬೇಕು, ಕರೆಂಟ್ ಜಾಸ್ತಿ ಎಳಿಬೇಕು, ಜಾಸ್ತಿ ಕಾಯಬೇಕು. ಬ್ಯಾಸಿಗಿ ಬೆಳಿಗೆ ಹೊಡಿವಾಗ ಟ್ಯಾಂಕಿಗೆ ಏಳೆಂಟು ಲೀಟರ್ ಹಾಕ್ರಿ ಸಾಕು, ಎರಡು ಟ್ರಿಪ್ ಹೆಚ್ಚಾದ್ರ ಆಗ್ಲಿ. ಗೌಡ್ರು ಲಗೂನ ಮುಗಸ್ರಿ ಅಂತಾರ, ಅನ್ಲಿ.

ಇಳಸೋ ಜಾಗ ಹಾರಿಸೋಕಿಂತ ಮೊದ್ಲು ಗೊತ್ತಿರಬೇಕು. ನಾ ಹೇಳೋದು ಹೊಲದ ಸುತ್ತ ಒಂದ್ ರೌಂಡ್ ಕಾಲ್ನಡಿಗಿ, ಬೈಕ್ ಮ್ಯಾಲ ಅಲ್ಲ. ನಡಿವಾಗ ನೋಡೋದು ಕಂಬ. ತಂತಿ ದೂರದಿಂದ ಕಣ್ಣಿಗೆ ಬೀಳಂಗಿಲ್ಲ, ಅದಕ್ಕ ಕಂಬ ಹುಡುಕಿ ಈ ಕಂಬದಿಂದ ಆ ಕಂಬಕ್ಕ ಮನಸಿನಾಗ ಗೆರಿ ಎಳಿರಿ, ನಟ್ಟನಡುವ ತಂತಿ ಜೋತು ಬಿದ್ದಿರ್ತೈತಿ ಅನ್ನೋದು ನೆನಪಿರ್ಲಿ. ಟಿಸಿ ಕಂಬದ ಸ್ಟೇ ವೈರ್, ಪಂಪ್‌ಸೆಟ್ಟಿಗೆ ಬದುವಿನ ಮ್ಯಾಲ ಕಟಗಿ ನೆಟ್ಟು ಎಳಕೊಂಡ ಸರ್ವೀಸ್ ವೈರ್, ಇವು ಯಾವ ಮ್ಯಾಪಿನಾಗೂ ಇರಂಗಿಲ್ಲ. ಶಕ್ತಿನಗರ ಕಡಿ, ಕುಡತಿನಿ ಕಡಿ ಆದ್ರ ಥರ್ಮಲ್ ಪ್ಲಾಂಟಿಂದ ಹೊಂಟ ದೊಡ್ಡ ಟವರ್ ಲೈನ್ ಇರ್ತಾವು, ಅವುಗಳ ಬುಡದಾಗ ಕಂಪಾಸ್ ಕೆಡೋ ಸಂಭವ ಬ್ಯಾರೆ. ತೋರಣಗಲ್ಲು ಸುತ್ತ ವಿಮಾನ ನಿಲ್ದಾಣ ಇರೋದ್ರಿಂದ ಮೊದ್ಲು ಸರ್ಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈ ಮ್ಯಾಪಿನಾಗ ನಿಮ್ಮ ಹೊಲ ಯಾವ ಬಣ್ಣದ ಝೋನಿನಾಗ ಐತಿ ನೋಡಿ ಆಮ್ಯಾಲ ಗಾಡಿ ಹೊರಡಿಸ್ರಿ.

ಜಾಗದ ವಿಚಾರಕ್ಕ ಬಂದ್ರ ನನ್ನ ಲೆಕ್ಕದಾಗ ಮೊದ್ಲನೇದು ಬೀಳು ಬಿಟ್ಟ ಹೊಲ, ಎರಡನೇದು ಕೊಯ್ಲಾದ ಗದ್ದಿ, ಮೂರನೇದು ನಿಂತ ಭತ್ತ. ಹೌದು, ನಿಂತ ಭತ್ತ. ರೈತನ ಬೆಳಿ ಹಾಳಾಗ್ತೈತಿ ಅಂತ ಅಲ್ಲಿಂದ ಬದುವಿಗೆ, ರೋಡಿಗೆ ತರಾಕ ಹೋಗಬ್ಯಾಡ್ರಿ. ನಾಕ ಚದರಡಿ ಭತ್ತ ಮಲಗಿದ್ರ ಅದರ ಬೆಲಿ ಎಷ್ಟು, ರೋಡ್ ಮ್ಯಾಲ ಬೈಕಿನವನ ಎದಿಗೆ ಫ್ಯಾನ್ ಬಡಿದ್ರ ಅದರ ಬೆಲಿ ಎಷ್ಟು. ಇದನ್ನ ಹೊಲದ ಮಾಲೀಕರಿಗೆ ಮೊದ್ಲ ಹೇಳಿಬಿಡ್ರಿ, ಏನರ ಆದ್ರ ನಿಮ್ಮ ಬೆಳಿ ಮ್ಯಾಲೇ ಇಳಸ್ತೀನ್ರೀ ಗೌಡ್ರ ಅಂತ, ಮೊದ್ಲ ಹೇಳಿದ್ರ ಯಾರೂ ಸಿಟ್ಟಾಗಂಗಿಲ್ಲ, ಬಿದ್ದ ಮ್ಯಾಲ ಹೇಳಿದ್ರ ಪಂಚಾಯ್ತಿ. ಕಾಲುವಿ ಕಡಿ ಮಾತ್ರ ಒಯ್ಯಬ್ಯಾಡ್ರಿ. ಎಡದಂಡಿ ಕಾಲುವಿ ತುಂಬಿ ಹರಿವಾಗ ಬಿದ್ದದ್ದು ಸಿಗಂಗಿಲ್ಲ, ಸಿಗದಿದ್ರೂ ಹೋಗ್ಲಿ, ಟ್ಯಾಂಕಿನಾಗಿರೋ ವಿಷ ಆ ನೀರಿಗೆ ಸೇರ್ತೈತಿ, ಅದ ನೀರು ಕೆಳಗಿನ ಊರಿನ ಕೆರಿ ತುಂಬೋದು, ದನ ಕುಡಿಯೋದು.

ಹತ್ತಿ, ತೊಗರಿ, ಮೆಣಸಿನಕಾಯಿ ಹೊಲ ಭತ್ತದ ಹಂಗಲ್ಲ. ಮಾನ್ವಿ, ಲಿಂಗಸೂಗೂರು ಕಡಿ ತೊಗರಿ ಆಳೆತ್ತರ ಬೆಳದಿರ್ತೈತಿ, ಅದರ ಮ್ಯಾಲ ಇಳಿಸಿದ್ರ ಕಾಲು ನೆಲ ಮುಟ್ಟೋಕಿಂತ ಮೊದ್ಲು ಫ್ಯಾನ್ ಟೊಂಗಿಗೆ ಸಿಗ್ತೈತಿ, ಸಿಕ್ಕ ಮೋಟರ್ ನಿಂತು ಅದರ ಸ್ಪೀಡ್ ಹಿಡಿತದಾಗ ಇಡೋ ಸರ್ಕ್ಯೂಟ್ (ಇಎಸ್‌ಸಿ) ಸುಡ್ತೈತಿ. ಹಂಗಾಗಿ ಎತ್ತರದ ಬೆಳಿನಾಗ ಸಾಲಿನ ನಡುವಿನ ಜಾಗ ನೋಡ್ರಿ, ಗಿಡಕ್ಕ ತಗಲಿತು ಅಂದ ಕೂಡ್ಲೆ ಮೋಟರ್ ಬಂದ್ ಮಾಡ್ರಿ, ನೇರ ನಿಲ್ಲಿಸಾಕ ಒದ್ದಾಡಬ್ಯಾಡ್ರಿ.

ಮಂದಿ ವಿಷಯ. ಪಕ್ಕದ ಗದ್ಯಾಗ ನಾಟಿ ಹಚ್ಚೋರು, ಕಳೆ ತಗಿಯೋರು ಇದ್ರ ಅವರ ಕಡಿ ಇರೋ ಅಂಚು ಕೊನಿಗೆ ಇಟ್ಕೊಳ್ರಿ, ಅವರು ಊಟಕ್ಕ ಎದ್ದಾಗ ಹೊಡೀರಿ. ಹೆಲ್ಪರ್ ಹುಡುಗನಿಗೆ ಒಂದ ಮಾತು ಹೇಳಿಕೊಡ್ರಿ, ನೀವು ಜೋರಾಗಿ ಬಿತ್ತು ಅಂತ ಕೂಗಿದ್ರ ಅವನು ಡ್ರೋನ್ ಕಡಿ ಓಡಬಾರದು, ನಿಂತ ಮಂದಿನ್ನ ಹಿಂದಕ್ಕ ಸರಸಬೇಕು. ತೆಲುಗು ಮಂದಿ ನೆಲಸಿದ ಕ್ಯಾಂಪಿನಾಗ ಆದ್ರ ಆ ಮಾತು ತೆಲುಗಿನಾಗೂ ಬರ್ಲಿ, ಅರ್ಧ ಮಂದಿಗೆ ಅದ ಲಗೂನ ತಿಳಿಯೋದು. ಹಿಡಿಯಾಕ ಹೋಗೋ ಚಟ ಎಲ್ಲಾರಿಗೂ ಇರ್ತೈತಿ, ಬೀಳೋ ಡ್ರೋನ್ ಕೈಲಿ ಹಿಡಿಯಾಕ ಹೋದ್ರ ಬೆರಳು ಉಳಿಯಂಗಿಲ್ಲ.

ಮೋಟರ್ ಒಮ್ಮಿಂದೊಮ್ಮೆಲೆ ಸಾಯೋದು ಕಮ್ಮಿ, ಸಾಯೋಕಿಂತ ಮೊದ್ಲು ಹೇಳ್ತೈತಿ, ಕೇಳೋರು ಬೇಕಷ್ಟ. ಪ್ರತಿ ಸಲ ಬ್ಯಾಟ್ರಿ ಬದಲಿಸುವಾಗ ಹಿಂಗೈ ತಿರುವಿ ಆರೂ ಮೋಟರಿನ ಹತ್ರ ಒಂದೊಂದಾಗಿ ಹಿಡೀರಿ, ಎಲ್ಲಾ ಒಂದ ಸಮ ಬಿಸಿ ಇದ್ರ ಪರವಾಗಿಲ್ಲ, ಐದು ಬೆಚ್ಚಗಿದ್ದು ಒಂದ್ ಮಾತ್ರ ಕೈ ಸುಡಂಗಿದ್ರ ಅದ ನಿಮ್ಮ ಮುಂದಿನ ಕೇಸು. ಬ್ಯಾಟ್ರಿ ತಗದ ಮ್ಯಾಲ ಅದನ್ನ ಬೆರಳಿಂದ ಮೆಲ್ಲಕ ತಿರುಗಿಸಿ ಕಿವಿ ಕೊಡ್ರಿ, ಒಳಗ ಮರಳು ಅರದಂಗ ಕರಕರ ಅಂದ್ರ ಬೇರಿಂಗ್ ಹೋಗೈತಿ. ಪುಡಿ ಔಷಧ ಹೊಡಿಯೋರಿಗೆ ಇದು ಹೆಚ್ಚು, ಬಿಳಿ ಪೌಡರ್ ಮೋಟರಿನ ಸಂದ್ಯಾಗ, ಕನೆಕ್ಟರಿನಾಗ ಕುಂತು ಉಪ್ಪಿನಂಗ ಗಟ್ಟಿ ಆಗ್ತೈತಿ. ಬ್ಯಾಟ್ರಿ ಕನೆಕ್ಟರಿನ ಪಿನ್ ಕರ್ರಗಾಗಿದ್ರ, ಹಾಕುವಾಗ ಸಡಿಲ ಅನಿಸಿದ್ರ ಅವತ್ತ ಬದಲಿಸ್ರಿ. ಮಡಚೋ ಕೈಗಳ ಲಾಕ್ ಕೈಯಾಗ ತಿರುವಿ ನೋಡ್ರಿ, ಕಣ್ಣಿಗೆ ಬಿಗಿ ಕಂಡದ್ದು ಕೈಗೆ ಸಡಿಲ ಸಿಗ್ತೈತಿ. ಫ್ಯಾನಿನ ತುದಿಗೆ ಉಗುರು ಎಳದ್ರ ಸಣ್ಣ ಸೀಳು ತಡೀತೈತಿ, ಆ ಫ್ಯಾನ್ ಕಸಕ್ಕ.

ಹಾರುವಾಗ ಕಿವಿ. ಆರೂ ಮೋಟರ್ ಕೂಡಿ ಒಂದ ರಾಗದಾಗ ಇರ್ತಾವು, ಅದರಾಗ ಒಂದ್ ಕೀರಲು ಧ್ವನಿ ಬ್ಯಾರೆ ಎದ್ದಿತು ಅಂದ್ರ, ಇಲ್ಲಾ ನೀವು ಸ್ಟಿಕ್ ಮುಟ್ಟದ ಮಷಿನ್ ತಾನ ಮೆಲ್ಲಕ ತಿರುಗಾಕ ಹತ್ತಿತು ಅಂದ್ರ, ಇಲ್ಲಾ ಒಂದ್ ಕೈ ಪದೇ ಪದೇ ಕೆಳಗ ಜಗ್ಗಿತು ಅಂದ್ರ ಸಾಲು ಮುಗಸೋ ಆಸಿ ಬಿಡ್ರಿ. ಇನ್ನ ಇಪ್ಪತ್ತು ಮೀಟರ್ ಅಷ್ಟ ಐತಿ ಅಂತ ಅನಿಸ್ತೈತಿ. ಆ ಇಪ್ಪತ್ತು ಮೀಟರಿನಾಗ ಬಿದ್ದ ಮಷಿನ್‌ಗಳ ಕತಿ ಯಾವ ಸರ್ವೀಸ್ ಸೆಂಟರಿನಾಗ ಕೇಳಿದ್ರೂ ಹೇಳ್ತಾರ.

ಈಗ ಆ ಗಳಿಗಿ ಬಂತು ಅನ್ರಿ, ಮೋಟರ್ ಹೋತು. ಮೊದ್ಲು ಮುಂದಕ್ಕ ಹೋಗೋದು ನಿಲ್ಲಿಸ್ರಿ, ಆಟೋ ಮಿಷನ್‌ನಾಗ (ಮೊದ್ಲ ಹಾಕಿಟ್ಟ ದಾರಿ ಹಿಡಿದು ತಾನ ಹಾರುವಾಗ) ಇದ್ರ ಮೋಡ್ ಸ್ವಿಚ್ ಎಳದು ನಿಮ್ಮ ಕೈಗೆ ತಗೊಳ್ರಿ, ಯಾಕಂದ್ರ ಆಟೋನಾಗ ಇರೋ ಮಷಿನ್ ಕುಂಟ್ಕೊಂಡಾದ್ರೂ ಸಾಲಿನ ತುದಿ ಮುಟ್ಟಾಕ ನೋಡ್ತೈತಿ. ಆಮ್ಯಾಲ ಥ್ರಾಟಲ್ ಸ್ಟಿಕ್ ನಡುಮಟ್ಟಕ್ಕಿಂತ ಒಂಚೂರು ಕೆಳಗ. ಜಿಪಿಎಸ್ ಮೋಡಿನಾಗ, ಎತ್ತರ ಮಾತ್ರ ತಾನ ಹಿಡಿಯೋ ಆಲ್ಟಿಟ್ಯೂಡ್ ಮೋಡಿನಾಗ ಇದ್ರ ಇದು ಮೆಲ್ಲಕ ಇಳಿತೈತಿ, ಆದ್ರ ಪೂರಾ ಮ್ಯಾನುವಲ್ ಮೋಡಿನಾಗ ಇದ್ದು ಸ್ಟಿಕ್ ತಳಕ್ಕ ಎಳದ್ರ ಮೋಟರ್ ಐಡಲಿಗೆ ಹೋಗಿ ಕಲ್ಲು ಬಿದ್ದಂಗ ಬೀಳ್ತೈತಿ, ಅದಕ್ಕ ನಿಮ್ಮ ರಿಮೋಟಿನ ಯಾವ ಸ್ವಿಚ್ ಯಾವ ಮೋಡ್ ಅನ್ನೋದು ಕತ್ತಲಾಗ ಕೇಳಿದ್ರೂ ಬೆರಳಿಗೆ ಗೊತ್ತಿರಬೇಕು. ಮಷಿನ್ ಬುಗುರಿ ಹಂಗ ಗಿರಗಿರ ತಿರುಗಾಕ ಹತ್ತಿದ್ರ ತಿರುಗೋದು ನಿಲ್ಲಸಾಕ ಸ್ಟಿಕ್ ಎಡಕ್ಕ ಬಲಕ್ಕ ಬಡೀಬ್ಯಾಡ್ರಿ, ಮೂಗು ಯಾವ ಕಡಿ ಐತಿ ಅಂತ ನಿಮಗ ತಿಳಿಯಂಗಿಲ್ಲ, ನೀವು ಕೊಟ್ಟ ಎಡ ಅದಕ್ಕ ಬಲ ಆಗಿ ಮಂದಿ ಕಡಿ ಓಡ್ತೈತಿ. ತಿರುಗ್ಲಿ ಬಿಡ್ರಿ, ಇಳಸೋದಷ್ಟ ನಿಮ್ಮ ಕೆಲಸ. ಎತ್ತರ ಇದ್ದು ಇನ್ನೂ ಕೈಯಾಗ ಇದ್ರ ಕಡ್ಡಿ ಹಂಗ ನೆಟ್ಟಗ ಜೋರಾಗಿ ಇಳಿಸಬ್ಯಾಡ್ರಿ, ತಾನ ತಳ್ಳಿದ ಗಾಳ್ಯಾಗ ತಾನ ಸಿಕ್ಕು ಅಲ್ಲಾಡಿ ಕುಸಿತೈತಿ, ಎದುರು ಗಾಳಿಗೆ ಒಂಚೂರು ಮುಂದ ಮುಂದ ಹೋಗ್ತಾ ಓರಿ ಇಳಸ್ರಿ.

ಅಕಸ್ಮಾತ್ ಅದು ಮಂದಿ ಕಡಿ ಹೊಂಟು ಕೈಗೆ ಸಿಗವಲ್ದು ಅಂದ್ರ ಗಾಳ್ಯಾಗ ಮೋಟರ್ ಬಂದ್ ಮಾಡೋ ಕಮಾಂಡ್ ಐತಲ್ಲ, ಬಾಳಷ್ಟು ಮಷಿನ್‌ನಾಗ ಎರಡೂ ಸ್ಟಿಕ್ ಮೂಲಿಗೆ ಎಳದು ಹಿಡಿಯೋದು, ಇಲ್ಲಾ ಬ್ಯಾರೆ ಸ್ವಿಚ್, ಅದನ್ನ ಬಳಸ್ರಿ. ಭತ್ತದ ಮ್ಯಾಲ ಇದ್ದಾಗ್ಲೇ ಬಳಸ್ರಿ, ಮಂದಿ ತಲಿ ಮ್ಯಾಲ ಬಂದ ಮ್ಯಾಲ ಅಲ್ಲ. ಲಕ್ಷಗಟ್ಲೆ ರೂಪಾಯಿ ಮಷಿನ್ ನಾನ ಬೀಳಸೋದಾ ಅಂತ ಕೈ ತಡೀತೈತಿ. ಡ್ರೋನ್ ರೂಲ್ಸ್ 2021ರ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು, ಮಷಿನ್ ಇನ್ಶೂರೆನ್ಸ್ ಬ್ಯಾರೆ ಮಾಡಿಸಿಟ್ಟಿದ್ರ ಆ ಕೈ ಅಷ್ಟು ತಡಿಯಂಗಿಲ್ಲ.

ಬ್ಯಾಟ್ರಿ ಕುಸಿಯೋದು ಇದಕ್ಕಿಂತ ಮೆಲ್ಲಕ, ಆದ್ರ ಹೆಚ್ಚು ಸಲ ಆಗೋದು. ಲೋಡ್ ಮ್ಯಾಲ ಒಂದ್ ಸೆಲ್ 3.6 ವೋಲ್ಟಿಗೆ ಬಂತು ಅಂದ್ರ ಹೊಳ್ಳಿ ಬರ್ರಿ, 12 ಸೆಲ್ಲಿನ ಬ್ಯಾಟ್ರಿಗೆ ಅದು 43 ವೋಲ್ಟ್ ಚಿಲ್ಲರೆ. 3.5ಕ್ಕ ಇಳಿದ್ರ ಹೊಳ್ಳಿ ಬರೋದೂ ಬ್ಯಾಡ, ಇದ್ದಲ್ಲೇ ಇಳಸ್ರಿ. ಹಳಿ ಬ್ಯಾಟ್ರಿ, ಉಬ್ಬಿದ ಬ್ಯಾಟ್ರಿ ಪರ್ಸೆಂಟೇಜ್ 40 ತೋರಿಸ್ತಾ ಇದ್ದದ್ದು ತುಂಬಿದ ಟ್ಯಾಂಕ್ ಎತ್ತುವಾಗ ಧಡಕ್ಕನ ಕುಸಿತೈತಿ, ಅದಕ್ಕ ಪರ್ಸೆಂಟೇಜ್ ನಂಬಬ್ಯಾಡ್ರಿ, ವೋಲ್ಟ್ ನೋಡ್ರಿ. ಜಿಪಿಎಸ್, ಕಂಪಾಸ್ ಕೆಟ್ಟು ಮಷಿನ್ ದೊಡ್ಡ ದೊಡ್ಡ ಸುತ್ತು ಹಾಕಾಕ ಹತ್ತಿದ್ರ ಆಲ್ಟಿಟ್ಯೂಡ್ ಮೋಡಿಗೆ ಹಾಕಿ ಕೈಲೆ ಇಳಸ್ರಿ. ರಿಮೋಟ್ ಸಿಗ್ನಲ್ ಹೋದ್ರ ಮಾತ್ರ ಆರ್‌ಟಿಎಚ್ ನಿಮ್ಮ ಗೆಳ್ಯಾ, ಮೋಟರ್, ಬ್ಯಾಟ್ರಿ ಚಲೋ ಇರ್ತಾವು, ಆರ್‌ಟಿಎಚ್‌ನಾಗ ಏರೋ ಎತ್ತರವನ್ನ ಆ ಹೊಲದ ಎಲ್ಲಕ್ಕಿಂತ ಎತ್ತರದ ಗಿಡ, ತಂತಿಗಿಂತ ಮ್ಯಾಲ ಅವತ್ತಿನವತ್ತ ಸೆಟ್ ಮಾಡ್ರಿ, ನಿನ್ನಿ ಹೊಲದ ಸೆಟ್ಟಿಂಗ್ ಇವತ್ತಿನ ಬೇವಿನ ಗಿಡಕ್ಕ ಸಾಲಂಗಿಲ್ಲ.

ಬಿದ್ದ ಮ್ಯಾಲ ಓಡಬ್ಯಾಡ್ರಿ. ರಿಮೋಟಿನಾಗ ಡಿಸ್‌ಆರ್ಮ್ ಮಾಡಿ (ಮೋಟರ್ ತಿರುಗದಂಗ ಲಾಕ್ ಮಾಡಿ), ಫ್ಯಾನ್ ಎಲ್ಲಾ ನಿಂತದ್ದು ನೋಡಿ, ಗ್ಲೌಸು ಮಾಸ್ಕು ಹಾಕ್ಕೊಂಡು ಗಾಳಿ ಬೀಸೋ ಕಡಿಯಿಂದ ಹೋಗ್ರಿ, ಟ್ಯಾಂಕ್ ಒಡದಿದ್ರ ಹುಷಾರು, ಹೊಡಿಯೋ ಪ್ರಮಾಣಕ್ಕ ಕಲಸಿದ್ದಾದ್ರೂ ಡ್ರೋನ್ ಮಿಕ್ಸ್ ಕೈ ಪಂಪಿಗಿಂತ ಬಾಳ ಗಟ್ಟಿ ಇರ್ತೈತಿ. ಮೊದ್ಲು ಬ್ಯಾಟ್ರಿ ಬಿಚ್ಚರಿ. ಅದು ಉಬ್ಬಿದ್ರ, ಜಜ್ಜಿದ್ರ, ಸೀ ವಾಸನಿ ಬಂದ್ರ ಬರೇ ಮಣ್ಣಿನ ಮ್ಯಾಲ ಒಂಟಿಯಾಗಿ ಇಟ್ಟು ದೂರ ನಿಲ್ರಿ, ಕಾರಿನ ಡಿಕ್ಕಿಯಾಗ ಹಾಕಬ್ಯಾಡ್ರಿ, ಭತ್ತದ ಹುಲ್ಲಿನ ಬಣವಿ ಹತ್ರ ಇಡಬ್ಯಾಡ್ರಿ, ಲಿಥಿಯಂ ಬ್ಯಾಟ್ರಿ ತಡಾ ಆಗಿ ಹೊತ್ತೋದು ಉಂಟು, ಆ ಹೊಗಿ ಕುಡಿಯೋದಲ್ಲ. ಚೆಲ್ಲಿದ ಎಣ್ಣಿ ಮ್ಯಾಲ ಮಣ್ಣು ಎಳೀರಿ, ಆ ಗದ್ದಿ ನೀರು ಕಾಲುವಿಗೆ ಹೋಗೋ ದಾರಿ ಮುಚ್ಚರಿ.

ತಂತಿ ಮ್ಯಾಲ ಸಿಕ್ಕಿಬಿದ್ರ ಬಿದರ ಬಡಿಗಿ ತಗೊಂಡು ಬರೋ ಧೈರ್ಯವಂತ ಊರಿಗೊಬ್ಬ ಇದ್ದ ಇರ್ತಾನ, ಅವನ್ನ ತಡೀರಿ. ಕರೆಂಟ್ ಹೋಗೈತಿ ಅಂತ ಯಾರರ ಅಂದ್ರೂ ನಂಬಬ್ಯಾಡ್ರಿ, ಹೊಲದ ಲೈನಿಗೆ ಕರೆಂಟ್ ಯಾವಾಗ ಬರ್ತೈತಿ ಅಂತ ಯಾರಿಗೆ ಗೊತ್ತು. 1912ಕ್ಕ ಫೋನ್ ಹಚ್ಚಿ, ಲೈನ್‌ಮನ್ ಬಂದು ಲೈನ್ ತಗದು ತಾನ ಇಳಿಸೋ ತನಕ ಕೆಳಗ ಯಾರನ್ನೂ ನಿಲ್ಲಸಬ್ಯಾಡ್ರಿ.

ಮಷಿನ್ ಎತ್ತೋಕಿಂತ ಮೊದ್ಲು ಫೋಟೋ, ವಿಡಿಯೋ ತಗೀರಿ, ಹಾರಾಟದ ದಾಖಲಿ (ಲಾಗ್) ಸೇವ್ ಮಾಡ್ರಿ, ಇನ್ಶೂರೆನ್ಸಿನವರು ಕೇಳೋದು ಅದ. ಅಪಘಾತ ಆಗಿದ್ರ 48 ತಾಸಿನೊಳಗ ಡಿಜಿಟಲ್ ಸ್ಕೈ ಮೂಲಕ ದೇಶದ ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎಗೆ ತಿಳಿಸಬೇಕು ಅಂತ ರೂಲ್ಸಿನಾಗ ಐತಿ. ರಿಪೇರಿ ಆಗಿ ಬಂದ ಮಷಿನ್ ಸೀದಾ ಗಿರಾಕಿ ಹೊಲಕ್ಕ ಒಯ್ಯಬ್ಯಾಡ್ರಿ. ಬೀಳು ಹೊಲದಾಗ ಮೊದ್ಲು ಖಾಲಿ, ಆಮ್ಯಾಲ ಬರೇ ನೀರು ಮೂರು ಲೀಟರ್, ಎದಿಮಟ್ಟದ ಎತ್ತರದಾಗ ಐದು ನಿಮಿಷ ನಿಲ್ಲಿಸಿ ಇಳಸ್ರಿ, ಆರೂ ಮೋಟರ್ ಹತ್ರ ಹಿಂಗೈ ಹಿಡಿದು ನೋಡ್ರಿ, ಹೊಸಾ ಮೋಟರ್ ಉಳಿದ ಐದಕ್ಕ ಸಮ ಬಿಸಿ ಇದ್ರ ಟ್ಯಾಂಕ್ ತುಂಬಿ ಇನ್ನೊಮ್ಮೆ, ಹೆಚ್ಚು ಬಿಸಿ ಇದ್ರ ಬ್ಯಾಟ್ರಿ ಬಿಚ್ಚಿ ಮೆಕ್ಯಾನಿಕ್‌ಗೆ ಫೋನ್ ಹಚ್ಚರಿ.